37 ಅಂಕ, ನಾಲ್ಕನೇ ದರ್ಜೆ, ಶೇ 78 ನಷ್ಟ: ಮುಖದ ಲಕ್ವ ಎಷ್ಟು ತೀವ್ರ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನನ್ನ ಪತಿಗೆ 46 ವರ್ಷ, ಬಸ್ ಚಾಲಕರು. ಸಕ್ಕರೆ ಕಾಯಿಲೆ ಇದೆ. ಹದಿನಾರು ದಿನಗಳ ಹಿಂದೆ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದವರು ಎದ್ದು ಬಾಯಿ ಮುಕ್ಕಳಿಸುವಾಗ ಎಡಬದಿಯಿಂದ ನೀರು ಸೋರಿತು. ಬಾಯಿ ಬಲಕ್ಕೆ ಎಳೆದುಕೊಂಡಿತ್ತು, ಎಡಗಣ್ಣು ಮುಚ್ಚುತ್ತಿರಲಿಲ್ಲ. ಪಾರ್ಶ್ವವಾಯು ಎಂದು ಹೆದರಿ ಆಸ್ಪತ್ರೆಗೆ ಓಡಿದೆವು. ತಲೆಯ ಸಿ.ಟಿ. ಸ್ಕ್ಯಾನ್ ಸರಿಯಿತ್ತು. ‘ಬೆಲ್ಸ್ ಪಾಲ್ಸಿ (ಮುಖದ ನರದ ಲಕ್ವ), ನಾಲ್ಕನೇ ದರ್ಜೆ’ ಎಂದು ಬರೆದು ಮರುದಿನದಿಂದ ಸ್ಟೀರಾಯ್ಡ್ ಕೊಟ್ಟರು. ಶುಗರ್ 340ಕ್ಕೆ ಏರಿದ್ದರಿಂದ ಐದು ದಿನಕ್ಕೆ ನಾವೇ ನಿಲ್ಲಿಸಿಬಿಟ್ಟೆವು. ಒಂಬತ್ತನೇ ದಿನ ನರದ ಪರೀಕ್ಷೆಯಲ್ಲಿ ‘ಶೇ 78 ನಷ್ಟ’ ಎಂದು ಬಂತು. ಮೊನ್ನೆ ಇನ್ನೊಬ್ಬ ವೈದ್ಯರು ಮೂರನೇ ದರ್ಜೆ ಎಂದರು. ಅದೇ ದಿನ ಫಿಸಿಯೋಥೆರಪಿಸ್ಟ್ ನೂರಕ್ಕೆ 37 ಎಂದು ಬರೆದರು. ನನ್ನ ಮಗ ‘ಎಸ್ಸೆಸ್ಸೆಲ್ಸಿ ಆಗಿದ್ದರೆ ಅಪ್ಪ ಪಾಸು’ ಎಂದು ನಗಿಸಿದ, ಆದರೆ ನನಗೆ ನಿದ್ದೆ ಬರುತ್ತಿಲ್ಲ. ಇವುಗಳಲ್ಲಿ ಯಾವುದು ನಿಜ? ಮುಖ ಶೇ 22ರಷ್ಟೇ ವಾಪಸು ಬರುತ್ತದೆಯೇ? ಕಿಟಕಿಯ ತಣ್ಣನೆ ಗಾಳಿಯಿಂದ ಹೀಗಾಯಿತು, ಪಾರಿವಾಳದ ರಕ್ತ ಹಚ್ಚಿ ಎನ್ನುತ್ತಾರೆ ನೆಂಟರು. ನರಕ್ಕೆ ಆಪರೇಷನ್ ಮಾಡಿಸಿ ಎಂದವರೂ ಇದ್ದಾರೆ. ಅವರು ಮತ್ತೆ ಬಸ್ ಓಡಿಸುವುದು ಯಾವಾಗ?

ಉತ್ತರ: ನಿಮ್ಮ ನಿದ್ದೆ ಕೆಡಿಸಿರುವುದು ಆ 78 ಎಂದು ಕಾಣುತ್ತದೆ. ಹಾಗಾಗಿ ಅಲ್ಲಿಂದಲೇ ಆರಂಭಿಸುತ್ತೇನೆ. ಶೇ 22ರಷ್ಟು ಮಾತ್ರ ವಾಪಸು ಬರುತ್ತದೆ ಎಂದು ಆ ವರದಿ ಹೇಳುತ್ತಿಲ್ಲ.

ಎಲೆಕ್ಟ್ರೋನ್ಯೂರೋಗ್ರಫಿ ಎಂಬ ಆ ಪರೀಕ್ಷೆಯಲ್ಲಿ ಕಿವಿಯ ಕೆಳಗೆ, ಮುಖದ ನರ ತಲೆಬುರುಡೆಯಿಂದ ಹೊರಬರುವಲ್ಲಿ, ಸಣ್ಣ ವಿದ್ಯುತ್ ಸ್ಪರ್ಶ ಕೊಟ್ಟು ಮೂಗಿನ ಪಕ್ಕದ ಸ್ನಾಯು ಎಷ್ಟು ಜೋರಾಗಿ ಸ್ಪಂದಿಸುತ್ತದೆ ಎಂದು ಅಳೆಯುತ್ತಾರೆ. ಎರಡೂ ಬದಿಯಲ್ಲಿ ಅಳೆದು ಹೋಲಿಸುತ್ತಾರೆ. ನಿಮ್ಮ ಯಜಮಾನರ ಎಡಬದಿಯ ಸ್ಪಂದನ ಬಲಬದಿಯದರ ಶೇ 22ರಷ್ಟಿತ್ತು. ಅಂದರೆ ಆ ದಿನದ ಲೆಕ್ಕದಲ್ಲಿ ನರದ ಎಳೆಗಳ ಬಹುಪಾಲು ಕ್ಷಯಿಸಿತ್ತು, ಉಳಿದವು ಜೀವಂತವಾಗಿದ್ದವು. ಜೀವಂತ ಎಳೆಗಳು ಊತ ಇಳಿದಂತೆ ವಾರಗಳಲ್ಲೇ ಕೆಲಸಕ್ಕೆ ಮರಳುತ್ತವೆ. ಕ್ಷಯಿಸಿದವು ಸುಮ್ಮನೆ ಹೋಗಿಬಿಡುವುದಿಲ್ಲ, ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಮತ್ತೆ ಬೆಳೆಯುತ್ತವೆ. ಅದಕ್ಕೆ ತಿಂಗಳುಗಳು ಬೇಕು. ವೈದ್ಯರು ಗಾಬರಿಪಡುವ ಗೆರೆ ಶೇ 90. ಮೊದಲ ಎರಡು ವಾರಗಳಲ್ಲಿ ನಷ್ಟ ಅದನ್ನು ದಾಟಿದರೆ ಚೇತರಿಕೆ ಅರೆಬರೆಯಾಗುವ ಸಂಭವ ಹೆಚ್ಚು. 78 ಅದರ ಈಚೆಗಿದೆ.

ಈ ಪರೀಕ್ಷೆಗೆ ಸಮಯದ ಮಿತಿಯೂ ಉಂಟು. ಮೇಲೆ ಪೆಟ್ಟು ಬಿದ್ದರೂ ನರದ ಕೆಳತುದಿ ಸುಮಾರು ಮೂರು ದಿನ ಸ್ಪಂದಿಸುತ್ತಲೇ ಇರುತ್ತದೆ. ಹಾಗಾಗಿ ಎರಡನೇ ದಿನ ಮಾಡಿಸಿದರೆ ಸುಳ್ಳು ಸಮಾಧಾನ ಸಿಗುತ್ತದೆ. ಮೂರು ವಾರ ಕಳೆದ ಮೇಲೆ ಮಾಡಿಸಿದರೆ ಸುಳ್ಳು ಭಯ, ಏಕೆಂದರೆ ಹೊಸದಾಗಿ ಬೆಳೆಯುತ್ತಿರುವ ಎಳೆಗಳು ಒಂದೇ ಕ್ಷಣಕ್ಕೆ ಸ್ಪಂದಿಸದೆ ನಷ್ಟ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಒಂಬತ್ತನೇ ದಿನ ಸರಿಯಾದ ದಿನವೇ. ಆದ್ದರಿಂದ ಆ ಸಂಖ್ಯೆಯನ್ನು ನಂಬಬಹುದು, ಆದರೆ ಈಗ ಅದನ್ನು ಇನ್ನೊಮ್ಮೆ ಮಾಡಿಸಲು ಹೋಗಬೇಡಿ.

ಇನ್ನು ಪಾರ್ಶ್ವವಾಯುವಿನ ಅನುಮಾನ. ನೀವು ತಕ್ಷಣ ಆಸ್ಪತ್ರೆಗೆ ಹೋದದ್ದು ಅತ್ಯಂತ ಸರಿ. ಆದರೆ ಆ ದಿನ ಅನುಮಾನ ನಿವಾರಿಸಿದ್ದು ಸಿ.ಟಿ. ಸ್ಕ್ಯಾನ್ ಅಲ್ಲ. ರಕ್ತನಾಳ ಕಟ್ಟಿಕೊಂಡ ಮೊದಲ ಕೆಲವು ಗಂಟೆಗಳಲ್ಲಿ ಸಿ.ಟಿ. ಸಹಜವಾಗಿಯೇ ಕಾಣಬಹುದು. ನಿರ್ಣಾಯಕವಾದದ್ದು ಹಣೆ. ಹಣೆಯ ಸ್ನಾಯುವಿಗೆ ಮಿದುಳಿನ ಎರಡೂ ಅರ್ಧಗಳಿಂದ ಆದೇಶ ಬರುತ್ತದೆ. ಆದ್ದರಿಂದ ಮಿದುಳಿನ ಒಂದು ಬದಿಗೆ ಪೆಟ್ಟು ಬಿದ್ದರೆ ಬಾಯಿ ಸೊಟ್ಟಗಾದರೂ ಹುಬ್ಬು ಸಾಮಾನ್ಯವಾಗಿ ಏರುತ್ತದೆ. ನರಕ್ಕೇ ಪೆಟ್ಟು ಬಿದ್ದರೆ ಹುಬ್ಬು, ಕಣ್ಣು, ಬಾಯಿ ಮೂರೂ ಸೋಲುತ್ತವೆ. ಇದಕ್ಕೂ ಅಪವಾದವಿದೆ: ಮಿದುಳಿನ ಕಾಂಡದಲ್ಲಿ ನರ ಹುಟ್ಟುವ ಜಾಗದಲ್ಲೇ ಆಘಾತವಾದರೆ ಹಣೆಯೂ ಸೋಲುತ್ತದೆ. ಆಗ ವಸ್ತುಗಳು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಕೈಕಾಲು ಬಲಗುಂದುವುದು ಜೊತೆಗಿರುತ್ತವೆ. ಅದಕ್ಕಾಗಿಯೇ ಹಣೆ ನೋಡಿ ಮನೆಯಲ್ಲೇ ತೀರ್ಪು ಕೊಡಬೇಡಿ ಎನ್ನುತ್ತೇನೆ. ಏಕಾಏಕಿ ಮುಖ ಸೊಟ್ಟಗಾದರೆ 108ಕ್ಕೆ ಕರೆ ಮಾಡಿ. ಪಾರ್ಶ್ವವಾಯುವಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು.

ಗಾಳಿಯ ವಿಷಯ. ನಮ್ಮಲ್ಲಿ ಬಸ್ ಚಾಲಕರ ಕಿಟಕಿ ಬಲಗಡೆ ಇರುತ್ತದೆ, ನಿಮ್ಮ ಯಜಮಾನರ ಲಕ್ವ ಎಡಗಡೆ. ಆ ಗಾಳಿ ನಿರಪರಾಧಿ. ಮುಖದ ನರ ಕಿವಿಯ ಹಿಂದಿನ ಮೂಳೆಯೊಳಗೆ ಸುಮಾರು ಮೂರು ಸೆಂಟಿಮೀಟರ್ ಉದ್ದದ ಇಕ್ಕಟ್ಟಾದ ಕೊಳವೆಯಲ್ಲಿ ಸಾಗುತ್ತದೆ. ಅದರ ಅತಿ ಕಿರಿದಾದ ಭಾಗ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಗಲ. ನರ ಊದಿಕೊಂಡರೆ ಹಿಗ್ಗಲು ಅಲ್ಲಿ ಜಾಗವಿಲ್ಲ, ತನ್ನ ಊತದಿಂದ ತಾನೇ ಅದುಮಿಕೊಳ್ಳುತ್ತದೆ. ಊತಕ್ಕೆ ಕಾರಣ ನರದೊಳಗೆ ಮಲಗಿದ್ದ ಹರ್ಪಿಸ್ ಗುಂಪಿನ ವೈರಾಣು ಎಚ್ಚೆತ್ತುಕೊಳ್ಳುವುದು ಎಂಬುದು ಹೆಚ್ಚಿನವರು ಒಪ್ಪುವ ವಿವರಣೆ. ಸಕ್ಕರೆ ಕಾಯಿಲೆಯವರಲ್ಲಿಯೂ ಗರ್ಭಿಣಿಯರ ಕೊನೆಯ ತಿಂಗಳುಗಳಲ್ಲಿಯೂ ಇದು ಹೆಚ್ಚು. ಪಾರಿವಾಳದ ರಕ್ತಕ್ಕೂ ಮೂಳೆಯೊಳಗಿನ ಈ ಊತಕ್ಕೂ ಯಾವ ಸಂಬಂಧವೂ ಇಲ್ಲ. ಅದನ್ನು ಹಚ್ಚಿದವರಲ್ಲಿ ಹಲವರು ಗುಣವಾಗಿರುವುದು ನಿಜ, ಏಕೆಂದರೆ ಏನೂ ಹಚ್ಚದವರಲ್ಲೂ ಹಲವರು ಗುಣವಾಗುತ್ತಾರೆ. ಡೆನ್ಮಾರ್ಕಿನಲ್ಲಿ ಯಾವ ಔಷಧವನ್ನೂ ಕೊಡದೆ 1,701 ಬೆಲ್ಸ್ ಪಾಲ್ಸಿ ರೋಗಿಗಳನ್ನು ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 71 ಮಂದಿಯ ಮುಖ ಪೂರ್ತಿ ಸಹಜವಾಗಿತ್ತು. ನಾಟಿ ಔಷಧಗಳೆಲ್ಲ ಹೆಸರು ಗಳಿಸಿರುವುದು ಈ ಶೇ 71ರ ಪುಣ್ಯದಿಂದ. ನನ್ನ ತಕರಾರು ರಕ್ತದ ಬಗ್ಗೆಗಿಂತ ಹೆಚ್ಚಾಗಿ, ಅದಕ್ಕಾಗಿ ಊರೂರು ಅಲೆಯುತ್ತ ಕಳೆದುಹೋಗುವ, ಸ್ಟೀರಾಯ್ಡ್ ಆರಂಭಿಸಬೇಕಾದ ಮೊದಲ ಮೂರು ದಿನಗಳ ಬಗ್ಗೆ.

ಈಗ ದರ್ಜೆ ಮತ್ತು ಅಂಕಗಳ ಗೊಂದಲ. ನಾಲ್ಕು, ಮೂರು, 37 ಇವು ಒಂದೇ ಮುಖದ ಬಗ್ಗೆ ಹೇಗೆ ನಿಜವಾಗಬಲ್ಲವು?

ದರ್ಜೆಯ ಪದ್ಧತಿ ಲಾಸ್ ಏಂಜಲೀಸಿನ ಹೌಸ್ ಮತ್ತು ಬ್ರಾಕ್‌ಮನ್ ಎಂಬ ಇಬ್ಬರು ಕಿವಿತಜ್ಞರದು. 1985ರಿಂದ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಒಂದು ಎಂದರೆ ಸಹಜ ಮುಖ, ಆರು ಎಂದರೆ ಚಲನೆಯೇ ಇಲ್ಲ. ಇಲ್ಲಿ ಕಡಿಮೆ ಸಂಖ್ಯೆಯೇ ಒಳ್ಳೆಯದು. ಮೂರಕ್ಕೂ ನಾಲ್ಕಕ್ಕೂ ನಡುವಿನ ಮುಖ್ಯ ಗೆರೆ ಕಣ್ಣು: ಪ್ರಯಾಸಪಟ್ಟಾದರೂ ಪೂರ್ತಿ ಮುಚ್ಚಿದರೆ ಮೂರು, ಎಷ್ಟು ಪ್ರಯತ್ನಿಸಿದರೂ ಸಂದಿ ಉಳಿದರೆ ನಾಲ್ಕು. ಮೊದಲ ದಿನ ಕಣ್ಣು ಮುಚ್ಚುತ್ತಿರಲಿಲ್ಲ, ನಾಲ್ಕು ಎಂದರು. ಮೊನ್ನೆ ಬಿಗಿಹಿಡಿದು ಮುಚ್ಚಿದಾಗ ಮುಚ್ಚಿಕೊಂಡಿರಬೇಕು, ಮೂರು ಎಂದರು. ಹಾಗಿದ್ದರೆ ಇಬ್ಬರು ವೈದ್ಯರು ಜಗಳವಾಡುತ್ತಿಲ್ಲ, ನಡುವೆ ಎರಡು ವಾರ ಕಳೆದು ನರ ಸ್ವಲ್ಪ ಸುಧಾರಿಸಿದೆ. ನಿಮ್ಮ ಪತ್ರದಲ್ಲಿ ನನಗೆ ಕಂಡ ಅತ್ಯಂತ ಒಳ್ಳೆಯ ಸುದ್ದಿ ಇದು.

ಈ ಪದ್ಧತಿಯ ತೊಡಕು ಏನೆಂದರೆ, ಇಡೀ ಮುಖಕ್ಕೆ ಒಂದೇ ಸಂಖ್ಯೆ. ಹಣೆ ಸ್ವಲ್ಪ ಅಲುಗಿದರೆ ಮೂರರ ಲಕ್ಷಣ, ಕಣ್ಣು ಮುಚ್ಚದಿದ್ದರೆ ನಾಲ್ಕರ ಲಕ್ಷಣ, ಸುಮ್ಮನೆ ಕುಳಿತಾಗಲೂ ಮುಖ ಸೊಟ್ಟಗಿದ್ದರೆ ಐದರ ಲಕ್ಷಣ. ಮೂರೂ ಒಬ್ಬರಲ್ಲೇ ಇದ್ದರೆ ವೈದ್ಯರು ತಮ್ಮ ವಿವೇಚನೆಯಿಂದ ಒಂದನ್ನು ಆರಿಸಬೇಕಾಗುತ್ತದೆ. ಒಂದೇ ದಿನ ಇಬ್ಬರು ನೋಡಿದರೂ ಒಂದು ದರ್ಜೆಯ ವ್ಯತ್ಯಾಸ ಬರುವುದು ಅಪರೂಪವೇನಲ್ಲ.

ಫಿಸಿಯೋಥೆರಪಿಸ್ಟರ 37 ಬಂದಿರುವುದು ಟೊರಾಂಟೊದ ಸನ್ನಿಬ್ರೂಕ್ ಪದ್ಧತಿಯಿಂದ ಎಂದು ತೋರುತ್ತದೆ. 1996ರಲ್ಲಿ ಪ್ರಕಟವಾದ ಇದರಲ್ಲಿ ನೂರು ಎಂದರೆ ಸಹಜ, ಸೊನ್ನೆ ಎಂದರೆ ಪೂರ್ತಿ ಲಕ್ವ. ಅಂದರೆ ದರ್ಜೆಯ ತಿರುಗುಮುರುಗು. ಹುಬ್ಬೇರಿಸುವುದು, ಮೆಲ್ಲಗೆ ಕಣ್ಣು ಮುಚ್ಚುವುದು, ಬಾಯ್ತೆರೆದು ನಗುವುದು, ಮೂಗು ಸುಕ್ಕಿಸುವುದು, ತುಟಿ ಚೂಪಾಗಿಸುವುದು ಈ ಐದು ಚಲನೆಗಳಿಗೆ ಒಂದರಿಂದ ಐದರವರೆಗೆ ಅಂಕ ಕೊಟ್ಟು, ಮೊತ್ತವನ್ನು ನಾಲ್ಕರಿಂದ ಗುಣಿಸುತ್ತಾರೆ. ನಿಮ್ಮವರಿಗೆ ಹೀಗೆ ಬಂದಿರಬಹುದು: ಹುಬ್ಬಿಗೆ 2, ಕಣ್ಣಿಗೆ 3, ನಗುವಿಗೆ 3, ಮೂಗಿಗೆ 2, ತುಟಿಗೆ 3. ಒಟ್ಟು 13, ನಾಲ್ಕರಿಂದ ಗುಣಿಸಿದರೆ 52. ಆಮೇಲೆ ಕಳೆಯುವ ಲೆಕ್ಕ. ಸುಮ್ಮನಿದ್ದಾಗ ಕಣ್ಣು ಅಗಲ, ಕೆನ್ನೆಯ ಗೆರೆ ಮಾಸಲು, ಬಾಯಿಯ ಮೂಲೆ ಜೋಲು. ಇವಕ್ಕೆ ತಲಾ 5ರಂತೆ 15. ಉಳಿದದ್ದು 37. ಒಂದು ಚಲನೆ ಮಾಡಹೋದರೆ ಬೇಡದ ಇನ್ನೊಂದು ಚಲನೆ ತಾನಾಗಿ ಆಗುತ್ತಿದ್ದರೆ ಅದಕ್ಕೂ ಅಂಕ ಕಳೆಯುತ್ತಾರೆ, ಆದರೆ ಹದಿನಾರನೇ ದಿನಕ್ಕೆ ಅದು ಹುಟ್ಟಿರುವುದಿಲ್ಲ. ಹಾಗಾಗಿ 37 ಶೇಕಡಾವಾರು ಅಲ್ಲ, ಪಾಸು ಫೇಲು ಎರಡೂ ಅಲ್ಲ. ಒಂದು ತಿಂಗಳ ನಂತರ ಅದೇ ಫಿಸಿಯೋಥೆರಪಿಸ್ಟ್ ಮತ್ತೆ ಅಳೆದು 58 ಎಂದರೆ ಆಗ ಅದಕ್ಕೆ ಅರ್ಥ ಬರುತ್ತದೆ. ಒಬ್ಬರ ದರ್ಜೆಯನ್ನು ಇನ್ನೊಬ್ಬರ ಅಂಕದೊಡನೆ ಹೋಲಿಸುವುದರಿಂದ ತಲೆನೋವು ಬಿಟ್ಟರೆ ಇನ್ನೇನೂ ಸಿಗದು.

ಈ ಎರಡು ಪದ್ಧತಿಗಳು ಕಣ್ಣನ್ನು ನೋಡುವ ರೀತಿಯೂ ಬೇರೆ. ದರ್ಜೆ ಕೊಡುವವರು ಬಲವಾಗಿ ಮುಚ್ಚಿಸಿ ನೋಡುತ್ತಾರೆ, ಸನ್ನಿಬ್ರೂಕ್ ಮೆಲ್ಲಗೆ ಮುಚ್ಚಲು ಹೇಳುತ್ತದೆ. ನಿದ್ದೆಯಲ್ಲಿ ಯಾರೂ ಕಣ್ಣನ್ನು ಬಿಗಿಹಿಡಿದು ಮುಚ್ಚುವುದಿಲ್ಲ. ಆದ್ದರಿಂದ ‘ಮೂರನೇ ದರ್ಜೆ, ಕಣ್ಣು ಮುಚ್ಚುತ್ತದೆ’ ಎಂದು ಬರೆದಿದ್ದರೂ ರಾತ್ರಿ ಆ ಕಣ್ಣು ಅರೆತೆರೆದಿರಬಹುದು. ಅವರು ಗಾಢ ನಿದ್ದೆಯಲ್ಲಿರುವಾಗ ನೀವೇ ಟಾರ್ಚ್ ಹಿಡಿದು ಪಕ್ಕದಿಂದ ನೋಡಿ, ಬಿಳಿಭಾಗ ಕಾಣುತ್ತಿದೆಯೇ ಎಂದು.

ಮುಖ ನೋಡುವವರನ್ನು ದಾರಿ ತಪ್ಪಿಸುವ ಸಂಗತಿಗಳು ಇನ್ನೂ ಇವೆ. ಕೆಳಗೆ ನೋಡಿದರೆ ರೆಪ್ಪೆ ತನ್ನ ಭಾರಕ್ಕೇ ಇಳಿಯುತ್ತದೆ, ಅದನ್ನು ನರ ಚೇತರಿಸಿಕೊಂಡಿತೆಂದು ಭಾವಿಸಬಾರದು. ಆರೋಗ್ಯವಾಗಿರುವ ಬದಿಯ ಸ್ನಾಯು ಬಲವಾಗಿ ಎಳೆದಾಗ ಸೋತ ಬದಿಯ ತುಟಿಯೂ ಜೊತೆಗೆ ಜರುಗುತ್ತದೆ. ಅದಕ್ಕಾಗಿ ನಾನು ಒಳ್ಳೆಯ ಬದಿಯ ಕೆನ್ನೆಯನ್ನು ಬೆರಳಿನಿಂದ ಅದುಮಿ ಹಿಡಿದು ‘ಈಗ ನಗಿ’ ಎನ್ನುತ್ತೇನೆ. ಆಗ ಎಡಬದಿಯಲ್ಲಿ ಕಾಣುವ ಅಲುಗಾಟ, ಎಷ್ಟೇ ಸಣ್ಣದಾಗಿರಲಿ, ಅದರದೇ ಸ್ವಂತದ್ದು. ವಯಸ್ಸಾದವರ ಚರ್ಮ ಸಡಿಲವಾಗಿರುವುದರಿಂದ ಅಷ್ಟೇ ಪ್ರಮಾಣದ ಲಕ್ವ ಅವರಲ್ಲಿ ಘೋರವಾಗಿ ಕಾಣುತ್ತದೆ. ಇಪ್ಪತ್ತರ ಹುಡುಗಿಯ ಬಿಗಿ ಕೆನ್ನೆ ಪೂರ್ತಿ ಲಕ್ವವನ್ನೂ ಮರೆಮಾಚಬಲ್ಲದು. ನೋಡುಗರಿಗೆ ಎಷ್ಟು ವಿಕಾರವಾಗಿ ಕಾಣುತ್ತದೆ ಎಂಬುದು ತೀವ್ರತೆಯ ಅಳತೆಯಲ್ಲ.

ಡೆನ್ಮಾರ್ಕಿನ ಅಧ್ಯಯನಕ್ಕೇ ಮರಳಿದರೆ, ಲಕ್ವ ಅಪೂರ್ಣವಾಗಿದ್ದವರಲ್ಲಿ, ಅಂದರೆ ಒಂದಿಷ್ಟಾದರೂ ಚಲನೆ ಉಳಿದವರಲ್ಲಿ, ಶೇ 94 ಮಂದಿ ಪೂರ್ತಿ ಗುಣವಾದರು. ಚಲನೆಯೇ ಇಲ್ಲದಿದ್ದವರಲ್ಲಿ ಶೇ 61. ಮೂರು ವಾರದೊಳಗೆ ಚಲನೆ ಮರಳತೊಡಗುವುದು ಒಳ್ಳೆಯ ಸೂಚನೆ, ಆ ರೋಗಿಗಳಲ್ಲಿ ಶೇ 85 ಮಂದಿಗೆ ಹಾಗಾಗಿತ್ತು. ನಿಮ್ಮ ಯಜಮಾನರ ಲಕ್ವ ಅಪೂರ್ಣ, ಎರಡು ವಾರಕ್ಕೇ ಕಣ್ಣು ಸುಧಾರಿಸಿದಂತಿದೆ. ಸಕ್ಕರೆ ಕಾಯಿಲೆ ಚೇತರಿಕೆಯನ್ನು ಸ್ವಲ್ಪ ನಿಧಾನಿಸಬಹುದು. ಹಾಗೆಂದು ಖಾತರಿ ಬರೆದುಕೊಡಲಾರೆ, ಆದರೆ ಪಣ ಅವರ ಪರವಾಗಿದೆ.

ಈ ಎಲ್ಲ ಸಂಖ್ಯೆಗಳಿಗಿಂತ ತುರ್ತಾದದ್ದು ಕಣ್ಣು. ಲಕ್ವ ತಾನಾಗಿ ಗುಣವಾಗಬಹುದು, ಒಣಗಿ ಹುಣ್ಣಾದ ಕಾರ್ನಿಯಾ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ) ಬಿಳಿ ಕಲೆ ಬಿಟ್ಟುಹೋಗುತ್ತದೆ. ಚಾಲಕರೊಬ್ಬರಿಗೆ ಅದರಿಂದ ಕೆಲಸವೇ ಹೋಗಬಹುದು. ಹಗಲಿನಲ್ಲಿ ಕೃತಕ ಕಣ್ಣೀರಿನ ಹನಿಯನ್ನು ಒಂದೆರಡು ಗಂಟೆಗೊಮ್ಮೆ ಹಾಕಬೇಕು, ರಾತ್ರಿ ಜಿಡ್ಡಿನ ಮುಲಾಮು. ಹೊರಗೆ ಹೋಗುವಾಗ ಪಕ್ಕವೂ ಮುಚ್ಚುವ ಕನ್ನಡಕ. ಮಲಗುವಾಗ ರೆಪ್ಪೆಯನ್ನು ಪೂರ್ತಿ ಮುಚ್ಚಿ, ಮೇಲ್ರೆಪ್ಪೆಯ ಮೇಲೆ ಕಾಗದದ ವೈದ್ಯಕೀಯ ಟೇಪು ಅಂಟಿಸಬಹುದು. ಇದರಲ್ಲಿ ಅಪಾಯವೂ ಇದೆ: ಟೇಪು ಸಡಿಲವಾದರೆ ಅದರ ಅಂಚೇ ಕಾರ್ನಿಯಾವನ್ನು ಗೀರುತ್ತದೆ. ಅಂಟಿಸುವ ಕ್ರಮವನ್ನು ಒಮ್ಮೆ ಆಸ್ಪತ್ರೆಯಲ್ಲಿ ತೋರಿಸಿಕೊಳ್ಳಿ. ಹತ್ತಿಯ ಉಂಡೆಯಿಟ್ಟು ಪಟ್ಟಿ ಕಟ್ಟುವುದು ಇನ್ನೂ ಕೆಟ್ಟದ್ದು, ಕಣ್ಣು ಒಳಗೇ ತೆರೆದುಕೊಂಡು ಹತ್ತಿಗೆ ಉಜ್ಜುತ್ತದೆ. ಮುಚ್ಚಲು ಯತ್ನಿಸಿದಾಗ ಗುಡ್ಡೆ ಮೇಲಕ್ಕೆ ಹೊರಳುವುದು ದೇಹ ಕೊಟ್ಟ ರಕ್ಷಣೆ. ಅದು ಹೊರಳದೆ ಕಪ್ಪುಭಾಗವೇ ಸಂದಿಯಲ್ಲಿ ಕಾಣುತ್ತಿದ್ದರೆ, ಅಥವಾ ಕಣ್ಣು ಕೆಂಪಾಗಿ, ನೋವಾಗಿ, ದೃಷ್ಟಿ ಮಂಜಾದರೆ ಅದೇ ದಿನ ನೇತ್ರತಜ್ಞರ ಬಳಿಗೆ ಹೋಗಿ.

ಸ್ಟೀರಾಯ್ಡ್ ನಿಲ್ಲಿಸಿದ್ದಕ್ಕೆ ಪಶ್ಚಾತ್ತಾಪ ಬೇಡ. ಸ್ಕಾಟ್ಲೆಂಡಿನಲ್ಲಿ 551 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ದಿನದೊಳಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಆರಂಭಿಸಿ ಹತ್ತು ದಿನ ತೆಗೆದುಕೊಂಡವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ಶೇ 94.4 ಮಂದಿ ಗುಣವಾಗಿದ್ದರು, ತೆಗೆದುಕೊಳ್ಳದವರಲ್ಲಿ ಶೇ 81.6. ಇವರಿಗೆ ಎರಡನೇ ದಿನವೇ ಸಿಕ್ಕಿತು, ಮುಖ್ಯವಾದ ದಿನಗಳು ಕೈತಪ್ಪಿಲ್ಲ. ಶುಗರ್ ಏರಿದಾಗ ಮಾತ್ರೆ ನಿಲ್ಲಿಸುವ ಬದಲು ವೈದ್ಯರಿಗೆ ಹೇಳಿ, ಆ ಹತ್ತು ದಿನಕ್ಕೆ ಮಧುಮೇಹದ ಔಷಧವನ್ನು ಹೆಚ್ಚಿಸಿಕೊಳ್ಳಬಹುದಿತ್ತು, ಅಷ್ಟೇ. ಈಗ ಹದಿನಾರನೇ ದಿನ ಮತ್ತೆ ಆರಂಭಿಸಿದರೆ ಲಾಭವಿದೆ ಎನ್ನಲು ಆಧಾರವಿಲ್ಲ, ಶುಗರ್ ಏರುವುದಂತೂ ಖಚಿತ.

ಆಪರೇಷನ್ ವಿಚಾರದಲ್ಲಿ ನನ್ನ ಉತ್ತರ ಸ್ಪಷ್ಟವಾಗಿ ಬೇಡ. ಮೂಳೆಯ ಕೊಳವೆ ಬಿಡಿಸುವ ಆ ಶಸ್ತ್ರಕ್ರಿಯೆಯನ್ನು ಯೋಚಿಸುವುದೇ ಮುಖ ಪೂರ್ತಿ ನಿಶ್ಚಲವಾಗಿದ್ದು, ನಷ್ಟ ಶೇ 90 ದಾಟಿದಾಗ, ಅದೂ ಮೊದಲ ಎರಡು ವಾರಗಳಲ್ಲಿ. ತಲೆಬುರುಡೆ ತೆರೆಯಬೇಕಾಗುತ್ತದೆ, ಕಿವುಡು ಮತ್ತು ಮಿದುಳಿನ ದ್ರವ ಸೋರುವ ಅಪಾಯವಿದೆ. ಅಂಥ ರೋಗಿಗಳಲ್ಲಿಯೂ ಅದರ ಲಾಭದ ಬಗ್ಗೆ ತಜ್ಞರಲ್ಲಿ ಒಮ್ಮತವಿಲ್ಲ.

ಕರೆಂಟ್ ಚಿಕಿತ್ಸೆಯನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದರಿಂದ ಚೇತರಿಕೆ ಬೇಗವಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ, ನಾನು ಬರೆದುಕೊಡುವುದಿಲ್ಲ. ಬಲೂನು ಊದುವುದು, ದಿನವಿಡೀ ಚೂಯಿಂಗ್ ಗಮ್ ಜಗಿಯುವುದನ್ನೂ ಬಿಡಿ. ಜಗಿಯುವ ಸ್ನಾಯುಗಳಿಗೆ ಬೇರೆಯೇ ನರವಿದೆ, ಇನ್ನು ಬಲವಂತದಿಂದ ಊದಿದರೆ ಇಡೀ ಮುಖ ಒಟ್ಟಿಗೆ ಎಳೆಯುವ ಅಭ್ಯಾಸವಾಗುತ್ತದೆ. ಕನ್ನಡಿಯ ಮುಂದೆ ಮೆಲ್ಲಗೆ, ಒಂದೊಂದೇ ಚಲನೆ, ಎರಡೂ ಬದಿ ಸಮವಾಗಿರುವಷ್ಟೇ ದೂರ. ಅಷ್ಟು ಸಾಕು.

ಮನೆಯಲ್ಲಿ ನೀವು ಮಾಡಬಹುದಾದ ಅತಿ ಉಪಯುಕ್ತ ಕೆಲಸ ವಾರಕ್ಕೊಂದು ವಿಡಿಯೊ. ಅದೇ ಗೋಡೆ, ಅದೇ ಬೆಳಕು, ಎದುರಿನಿಂದ. ಮೊದಲು ಸುಮ್ಮನೆ, ಆಮೇಲೆ ಹುಬ್ಬು, ಕಣ್ಣು ಮೆಲ್ಲಗೆ, ಕಣ್ಣು ಬಿಗಿಯಾಗಿ, ಹಲ್ಲು ತೋರಿಸಿ ನಗು, ಮೂಗು, ತುಟಿ. ಕೊನೆಗೆ ‘ಪಾಪ, ಬಾಬು, ಮಾಮ’ ಎನ್ನಿಸಿ, ತುಟಿ ಸೇರದಿದ್ದರೆ ಈ ಅಕ್ಷರಗಳಲ್ಲೇ ಗಾಳಿ ಸೋರುತ್ತದೆ. ಸೆಲ್ಫಿ ಕ್ಯಾಮೆರಾ ಬಳಸಬೇಡಿ, ಕೆಲವು ಮೊಬೈಲ್‌ಗಳು ಎಡಬಲವನ್ನು ತಿರುಗಿಸಿಬಿಡುತ್ತವೆ. ರೋಗ ಬಲಗಡೆಗೆ ಹಬ್ಬಿತೆಂದು ಗಾಬರಿಯಾಗಿ ಬಂದವರನ್ನು ಕಂಡಿದ್ದೇನೆ. ದಿನಾ ಕನ್ನಡಿ ನೋಡುವವರಿಗೆ ಬದಲಾವಣೆ ತಿಳಿಯುವುದಿಲ್ಲ, ನಾಲ್ಕು ವಿಡಿಯೊ ಒಟ್ಟಿಗೆ ನೋಡುವ ವೈದ್ಯರಿಗೆ ತಿಳಿಯುತ್ತದೆ.

ಕೆಲವು ಲಕ್ಷಣಗಳು ಕಂಡರೆ ಇದು ಬೆಲ್ಸ್ ಪಾಲ್ಸಿಯೇ ಎಂಬುದನ್ನೇ ಮರುವಿಚಾರ ಮಾಡಬೇಕು. ಕಿವಿಯ ಹಾಲೆ ಅಥವಾ ರಂಧ್ರದಲ್ಲಿ ನೀರ್ಗುಳ್ಳೆ, ಜೊತೆಗೆ ವಿಪರೀತ ನೋವು ಇದ್ದರೆ ಅದು ಸರ್ಪಸುತ್ತಿನ ವೈರಾಣುವಿನ ಲಕ್ವ. ಕಿವಿ ಸೋರುತ್ತಿದ್ದರೆ ಮಧ್ಯಕಿವಿಯ ಸೋಂಕು ಮೂಳೆ ತಿಂದಿರಬಹುದು. ಕೆನ್ನೆಯಲ್ಲಿ ಸ್ಪರ್ಶವಿಲ್ಲದ ಮಚ್ಚೆ ಇದ್ದರೆ ಕುಷ್ಠರೋಗ, ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಕಿವಿಯ ಮುಂದೆ ಗಂಟು, ವಾರದಿಂದ ವಾರಕ್ಕೆ ಹೆಚ್ಚುತ್ತಲೇ ಹೋಗುವ ಸೋಲು, ಅದೇ ಬದಿಗೆ ಮತ್ತೆ ಬರುವ ಲಕ್ವ, ಇವಕ್ಕೆ ಎಂಆರ್‌ಐ ಬೇಕು. ಇವೇನೂ ಇಲ್ಲದಿದ್ದರೆ ಈಗ ಎಂಆರ್‌ಐ ಬೇಡ. ಮೂರು ತಿಂಗಳಾದರೂ ಚೇತರಿಕೆ ಅಪೂರ್ಣವಾಗಿದ್ದರೆ ಮುಖದ ನರದ ಅನುಭವವಿರುವ ತಜ್ಞರಿಗೆ ತೋರಿಸಿ, ಅದರ ಅಗತ್ಯವನ್ನು ಅವರು ಹೇಳುತ್ತಾರೆ. ಅದೇ ಹೊತ್ತಿಗೆ ನಗುವಾಗ ಕಣ್ಣು ಕಿರಿದಾಗುವುದೋ, ಊಟ ಮಾಡುವಾಗ ಕಣ್ಣೀರು ಸುರಿಯುವುದೋ ಕಂಡರೆ ಹೊಸ ಎಳೆಗಳು ದಾರಿ ತಪ್ಪಿ ಬೆಳೆದಿವೆ ಎಂದರ್ಥ. ಅದಕ್ಕೆ ವಿಶೇಷ ವ್ಯಾಯಾಮವೂ ಬೊಟಾಕ್ಸ್ ಚುಚ್ಚುಮದ್ದೂ ಇವೆ.

ಬಸ್ಸಿನ ಮಾತು. ದರ್ಜೆ ಎಷ್ಟೇ ಇರಲಿ, ಕಣ್ಣು ಪ್ರಯಾಸವಿಲ್ಲದೆ ಮುಚ್ಚಿ, ನೀರು ಸೋರುವುದು ನಿಂತು, ನೇತ್ರತಜ್ಞರು ಎರಡೂ ಕಣ್ಣಿನ ದೃಷ್ಟಿ ಪರೀಕ್ಷಿಸಿ ಬರೆದುಕೊಡುವವರೆಗೆ ಅವರು ಸ್ಟೀರಿಂಗ್ ಹಿಡಿಯಬಾರದು. ಎದುರಿನ ಹೆಡ್‌ಲೈಟಿಗೆ ರೆಪ್ಪೆ ಬಡಿಯಲಾರದ ಕಣ್ಣಿನಿಂದ ರಾತ್ರಿ ಓಡಿಸುವುದು ಪ್ರಯಾಣಿಕರಿಗೂ ಅಪಾಯ. ಡಿಪೊದಲ್ಲಿ ವೈದ್ಯಕೀಯ ಪ್ರಮಾಣಪತ್ರ ಕೊಟ್ಟು ರಜೆ ಅಥವಾ ಹಗುರ ಕೆಲಸ ಕೇಳಿ. ಒಂದು ತಿಂಗಳ ನಂತರದ ಭೇಟಿಗೆ ಎರಡೂ ದರ್ಜೆಯ ಚೀಟಿಗಳು, ಆ 37ರ ಹಾಳೆ, ಶುಗರ್ ವರದಿ ಮತ್ತು ವಿಡಿಯೊಗಳನ್ನು ಒಟ್ಟಿಗೆ ಒಯ್ಯಿರಿ.